ಮುತ್ಯಾನ ನಾಲ್ಕನೆಯ ಚಾಕು

ಮೊಮ್ಮಕ್ಕಳೇ, ಔರಾದ ಕಡೆಯ ಕುರಿಗಾರರಲ್ಲಿ ನಿಮ್ಮ ಮುತ್ಯಾನ ಹೆಸರು ಕೆಟ್ಟದ್ದು ನನ್ನಿಂದ. ಎದುರು ಕೂತು ಹೇಳುವ ಧೈರ್ಯ ನಿಮ್ಮ ಆಯಿಗಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಭಾಲ್ಕಿಯ ಗ್ಯಾರೇಜಿನ ಕೆಲಸ ಬಿಟ್ಟ ಮೇಲೆ ನನ್ನ ಯಜಮಾನರು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಕುರಿಯ ಗೊರಸು ಕೊರೆಯುವ ಚಾಕು ಮಾಡುತ್ತಿದ್ದರು. ಬೆರಳುದ್ದದ ಅಲಗು, ಜಾಲಿ ಕಟ್ಟಿಗೆಯ ಹಿಡಿಕೆ. ಕಬ್ಬಿಣ ಉಜ್ಜುವ ಹಳೆಯ ಅರಗಳನ್ನು ಬೀದರಿನ ಗುಜರಿ ಅಂಗಡಿಯಿಂದ ತಂದು ಅಲಗು ಮಾಡುವರು. ಇಟ್ಟಂಗಿಯ ಸಣ್ಣ ಒಲೆಯಲ್ಲಿ ಕೆಂಪಗೆ ಕಾಯಿಸಿ, ಚುಂಬಕಕ್ಕೆ ಅಂಟುವುದು ನಿಂತ ಕೂಡಲೇ ಎಣ್ಣೆಯಲ್ಲಿ ಅದ್ದುವರು. ಆಗ ಅಲಗು ಗಟ್ಟಿಯಾಗುತ್ತದೆ, ಆದರೆ ಗಾಜಿನ ಬಳೆಯಂತೆ ಪಟ್ಟನೆ ಮುರಿಯುತ್ತದೆ. ಮತ್ತೊಮ್ಮೆ ಸಣ್ಣ ಶಾಖ ಕೊಟ್ಟು ಹದ ಮಾಡಿದರೇನೇ ಅದು ಬಾಳುವುದು.

ಆ ಹದದ ಕೆಲಸ ನನ್ನದು. ಅಂಗಳದ ಒಲೆಯ ಮೇಲೆ ರೊಟ್ಟಿಯ ಹಳೆಯ ಹಂಚು ಇಟ್ಟು, ಅದರಲ್ಲಿ ಉಸುಕು ಕಾಯಿಸಿ, ಅಲಗನ್ನು ಮೇಲಿಟ್ಟು ನೋಡುತ್ತ ಕೂಡಬೇಕು. ಒಣಗಿದ ಜೋಳದ ಕಣಕಿಯ ಹಳದಿ ಬಂದರೆ ತೆಗೆಯಬೇಕು. ನೀಲಿಗೆ ಹೋದರೆ ಮೊನೆ ಮೆತ್ತಗಾಗುತ್ತದೆ. ರೊಟ್ಟಿ ಸುಟ್ಟು ಪಳಗಿದ ಕಣ್ಣಿಗೆ ಆ ಬಣ್ಣ ತಮಗಿಂತ ಮೊದಲೇ ಕಾಣುತ್ತದೆ ಎಂದು ಅವರು ಹೇಳುತ್ತಿದ್ದರು. ಆಮೇಲೆ ಇಟ್ಟಂಗಿ ಪುಡಿಯಿಂದ ತಿಕ್ಕಿ ಆ ಬಣ್ಣ ತೆಗೆದು ಬೆಳ್ಳಗೆ ಮಾಡುವುದೂ ನನ್ನ ಪಾಲಿಗೆ.

ಒಂದು ದಿನ ಅವರು ಬೀದರಿಗೆ ಹೋಗಿದ್ದರು. ನಾಲ್ಕು ಅಲಗುಗಳಲ್ಲಿ ಮೂರು ಮುಗಿದಿದ್ದವು. ಅಷ್ಟರಲ್ಲಿ ಅವರ ಅಣ್ಣ, ನನ್ನ ಭಾವ, ಭಾತಂಬ್ರಾದಿಂದ ಇಬ್ಬರು ಹಿರಿಯರ ಜೊತೆ ಬಂದು ಒಲೆಯ ಪಕ್ಕದ ಹೊರಸಿನ ಮೇಲೆ ಕೂತರು. ನಾನು ಸೆರಗು ಎಳೆದುಕೊಂಡು ಒಳಗೆ ಹೋದೆ. ಭಾವನ ಎದುರು ನಾನು ಎಂದೂ ನಿಂತವಳಲ್ಲ. ಚಹಾವನ್ನೂ ಬಾಗಿಲ ಮರೆಯಿಂದಲೇ ಚಾಚಿದೆ. ಅವರು ಏಳುವ ಹೊತ್ತಿಗೆ ಉಸುಕು ಆರಿತ್ತು, ಯಜಮಾನರ ಬಸ್ಸಿನ ಹೊತ್ತೂ ಆಗಿತ್ತು.

ಒಂದು ಉಳಿದಿದೆ ಎಂದು ಯಜಮಾನರಿಗೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮೊಮ್ಮಕ್ಕಳಾದ ಮೇಲೂ ಭಾವನನ್ನು ಕಂಡರೆ ಅಡಗುತ್ತೀಯಲ್ಲ ಎಂದು ಅವರು ಅದೇ ವಾರ ನನ್ನನ್ನು ನೋಡಿ ನಗಾಡಿದ್ದರು. ಮತ್ತೆ ಆ ಮಾತು ಕೇಳಬಾರದೆಂದು ನಾಲ್ಕನೆಯದನ್ನೂ ತಿಕ್ಕಿ ಮೂರರ ಜೊತೆಗಿಟ್ಟೆ.

"ಎಲ್ಲಾ ಆದವೇನು?" ಎಂದು ಅವರು ಬಂದ ಕೂಡಲೇ ಕೇಳಿದರು.

"ಆದವ್ರಿ" ಅಂದೆ.

ಮರುದಿನ ಗುಟ್ಟಾಗಿ ಹದ ಮಾಡಿಬಿಡುವ ಎಣಿಕೆ ನನ್ನದು. ಆದರೆ ಬೆಳಿಗ್ಗೆ ನನ್ನ ರೊಟ್ಟಿ ಮುಗಿಯುವ ಮೊದಲೇ ಔರಾದಿನ ಕುರಿಗಾರ ಬಂದ. ಯಜಮಾನರು ಹಿಡಿಕೆ ಕೂಡಿಸಿ ನಾಲ್ಕನ್ನೂ ಅವನ ಕೈಗೆ ಕೊಡುವಾಗ ನಾನು ಹಿಟ್ಟಿನ ಕೈಯಲ್ಲಿ ಬಾಗಿಲಲ್ಲೇ ಇದ್ದೆ. ಅಪರಿಚಿತ ಗಂಡಸಿನ ಮುಂದೆ ಬಾಯಿ ಬರಲಿಲ್ಲ.

ಕೆಲವು ದಿನಗಳಾದ ಮೇಲೆ ಅವನು ಕೈಗೆ ಬಟ್ಟೆ ಸುತ್ತಿಕೊಂಡು ಬಂದ. ಗೊರಸು ಕೊರೆಯುವಾಗ ಅಲಗು ತುಂಡಾಗಿ ಹೆಬ್ಬೆರಳಿನ ಬುಡಕ್ಕೆ ಇಳಿದಿತ್ತು. ಯಜಮಾನರು ಮುರಿದ ತುಂಡನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹದವಿಲ್ಲದ ಉಕ್ಕು ಅವರಿಗೆ ತಿಳಿಯದೆ ಇರುತ್ತದೆಯೇ? ನನ್ನ ಕಡೆ ಮಾತ್ರ ತಿರುಗಲಿಲ್ಲ.

"ಹದ ಮಾಡೋದು ಮರ್ತೀನಿ. ತಪ್ಪು ನಂದೇ ಅದ" ಎಂದರು.

ಅವನು ಬೈದು ಹೋದ. ನಾನು ಬಾಗಿಲ ಹಿಂದೆ ಇದ್ದೆ. ಮರುದಿನ ಅವರು ಹಂಚು, ಉಸುಕು ಎರಡನ್ನೂ ಶೆಡ್ಡಿಗೆ ಒಯ್ದರು. ಕಣ್ಣು ಮುಚ್ಚುವವರೆಗೆ ಆರು ವರ್ಷ ನನ್ನನ್ನು ಏನೂ ಕೇಳಲಿಲ್ಲ; ಬಣ್ಣ ನೋಡು ಬಾ ಎಂದು ಕರೆಯಲೂ ಇಲ್ಲ. ಉಳಿದೆಲ್ಲ ಮಾತು ಮೊದಲಿನಂತೆಯೇ ಇತ್ತು. ಬೈದಿದ್ದರೆ ನಾನೂ ಅತ್ತು ಹೇಳಿಬಿಡುತ್ತಿದ್ದೆನೇನೋ.

ಹೋದ ವರ್ಷ ನಿಮ್ಮ ಅವ್ವನನ್ನು ಕರೆದುಕೊಂಡು ಔರಾದಿಗೆ ಹೋದೆ. ಅವನ ಹೆಬ್ಬೆರಳು ಈಗಲೂ ಮಡಚುವುದಿಲ್ಲ. ನೆಲ ನೋಡುತ್ತ ಎಲ್ಲ ಹೇಳಿದೆ. ಅವನು ಸಿಟ್ಟಾಗಲಿಲ್ಲ. ನಮಗೆ ಚಹಾ ತರಿಸಿದ. ತನ್ನ ಕಪ್ಪು ಕೆಳಗಿಟ್ಟು ಹೇಳಿದ:

"ಮಿಸ್ತ್ರಿ ಬದುಕಿದ್ದಾಗ ಹೇಳಬೇಕಿತ್ತವ್ವಾ. ಹೋದ ಹೋದ ಹಟ್ಟ್ಯಾಗ ಅವರ ಚಾಕು ತಗೋಬ್ಯಾಡ್ರಿ ಅಂತ ಹೇಳಿ ಬಂದೀನಿ. ಈಗ ಯಾರ್ಯಾರ ಹಟ್ಟಿಗೆ ಹೋಗಿ ಅಲ್ಲ ಅಂತ ಹೇಳ್ಲಿ?"

ಅವನಿಗೂ ವಯಸ್ಸಾಗಿದೆ, ಹಟ್ಟಿ ಹಟ್ಟಿ ತಿರುಗಲಾರ. ನೀವು ಆ ಕಡೆ ಹೋಗುವವರು. ಯಾರಾದರೂ ಆ ಮಾತು ತೆಗೆದರೆ, ಅದು ಮುತ್ಯಾನದಲ್ಲ, ನಮ್ಮ ಆಯಿ ಮಾಡಿದ ತಪ್ಪು ಎಂದು ಹೇಳಿ. ನನ್ನ ಮಾನ ನೋಡಬೇಡಿ.