ಹದಿನಾಲ್ಕು ಸಲ ಸಮುದ್ರಕ್ಕೆ ಹೋದಾಕಿ

ಗಾದಿಲಿಂಗಮ್ಮನ ಪಿತ್ತ ನೆತ್ತಿಗೇರಿಸಲು ಒಂದೇ ಮಾತು ಸಾಕಾಗಿತ್ತು. "ನಿನ್ನಷ್ಟು ಪುಣ್ಯ ಯಾರು ಮಾಡ್ಯಾರವ್ವಾ? ವರ್ಷಕ್ಕ ಎರಡ್ಮೂರು ಸಲ ಸಮುದ್ರ ನೋಡಿ ಬರ್ತೀ." ಓಣಿಯ ಹೆಂಗಸರು ನಲ್ಲಿಯ ಹತ್ತಿರ ಹೀಗಂದರೆ ಆಕೆ ಕೊಡವನ್ನು ಕಲ್ಲಿಗೆ ಕುಕ್ಕಿ ಮನೆಗೆ ಬರುತ್ತಿದ್ದಳು.

ಆಸ್ಪರಿ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಕುರಿ ಸಾಕುವ ಭೀಮಲಿಂಗಪ್ಪನನ್ನು ಮದುವೆಯಾಗಿ, ಆಂಧ್ರದ ಗಡಿಯ ಊರಾದ ಆದೋನಿಯ ಅಂಚಿನ ಓಣಿಯಲ್ಲಿ ನೆಲೆ ನಿಂತ ಹೆಂಗಸು ಆಕೆ. ಮದುವೆ ಮನೆಗಳಲ್ಲಿ ಅಡಿಗೆ ಮಾಡುತ್ತಾ ಹೆಸರು ಮಾಡಿದ್ದಳು. ಐನೂರು ಜನಕ್ಕೆ ಬೇಕಾದ ಸಾರಿಗೆ ಕೈಯಲ್ಲೇ ಉಪ್ಪು ಹಾಕುವಳು, ರುಚಿ ನೋಡುವ ಪ್ರಮೇಯವೇ ಇರಲಿಲ್ಲ. ಆರು ವರ್ಷದ ಹಿಂದೆ, ಊರಿನಲ್ಲಿ ಟೂರಿಸ್ಟ್ ಬಸ್ಸು ಇಟ್ಟುಕೊಂಡಿದ್ದ ಬಾಲರಾಜ್ ಆಕೆಯ ಬಾಗಿಲಿಗೆ ಬಂದು, "ಅಕ್ಕಾ, ನಮ್ಮ ಮಂದಿಗೆ ಆ ಕಡೆ ಊಟ ಹಿಡಿಸೂದಿಲ್ಲ. ನೀ ಬಸ್ಸಿನ ಜೋಡಿ ಬಾ. ಅಡಿಗಿನೂ ಆಯ್ತು, ನಿನಗ ಸಮುದ್ರ ನೋಡಿದಂಗೂ ಆಯ್ತು" ಎಂದು ಕರೆದಿದ್ದ. ಹತ್ತಿಯ ವ್ಯಾಪಾರಿಗಳ ಮನೆಯವರು, ಮೇಷ್ಟ್ರುಗಳು, ಬ್ಯಾಂಕಿನವರು ಸೇರಿ ನಲವತ್ತೈದು ಮಂದಿ ತುಂಬಿದ ಬಸ್ಸು ಗೋಕರ್ಣ, ಮುರುಡೇಶ್ವರ, ಮಲ್ಪೆ ಎಂದು ನಾಲ್ಕು ದಿನ ಸುತ್ತಿ ಬರುತ್ತಿತ್ತು. ಹಾಗೆ ಆಕೆ ಹೋಗಿದ್ದು ಹದಿನಾಲ್ಕು ಸಲ.

ಹದಿನಾಲ್ಕು ಸಲದಲ್ಲಿ ಒಂದು ಸಲವೂ ಆಕೆ ಸಮುದ್ರ ನೋಡಿರಲಿಲ್ಲ.

ಆಕೆಗೆ ಗೊತ್ತಿದ್ದದ್ದು ಬಸ್ಸು ನಿಲ್ಲುವ ಜಾಗಗಳು. ಗೋಕರ್ಣವೆಂದರೆ ಒಂದು ಹಲಸಿನ ಮರ, ಅದರ ಬುಡದಲ್ಲಿ ಒಲೆ ಇಟ್ಟರೆ ಹಿಟ್ಟಿನ ಡಬ್ಬಿಗೆ ಹತ್ತುವ ಕೆಂಪಿರುವೆ. ಮುರುಡೇಶ್ವರವೆಂದರೆ ಗಾಳಿ. ತಗಡು ಅಡ್ಡ ಹಿಡಿದರೂ ಉರಿ ನಿಲ್ಲದು. ಅಷ್ಟು ಎತ್ತರದ ಶಿವನಲ್ಲಿ ಆಕೆಗೆ ಕಂಡದ್ದು ಅಂಗಡಿಗಳ ಮೇಲೆ ಇಣುಕುವ ತಲೆ ಮಾತ್ರ. ಮಲ್ಪೆಯೆಂದರೆ ಅಕ್ಕಿ ಎಷ್ಟು ತೊಳೆದರೂ ಹಲ್ಲಿಗೆ ಸಿಗುವ ಮರಳು. ಬಸ್ಸಿನ ಹಿಂದೆ ಕೂತು ಈರುಳ್ಳಿ ಹೆಚ್ಚುವಾಗ ಎಲ್ಲೋ ಭೋರ್ ಎನ್ನುವ ಸದ್ದು ಕೇಳುತ್ತಿತ್ತು. ಉಪ್ಪಿಟ್ಟು ಇಳಿಸುವುದರೊಳಗೆ ಚಿತ್ರಾನ್ನಕ್ಕೆ ಹೊತ್ತಾಗುತ್ತಿತ್ತು, ಪಾತ್ರೆ ತಿಕ್ಕಿ ಮುಗಿಯುವುದರೊಳಗೆ ಒದ್ದೆ ಬಟ್ಟೆಯ ಜನ ಮರಳಿ ಬಂದು "ಚಾ ಆಯ್ತಾ?" ಎನ್ನುತ್ತಿದ್ದರು. ಕತ್ತಲಾದ ಮೇಲೆ ಬಸ್ಸು ಹೊರಡುತ್ತಿತ್ತು, ಆಕೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗುತ್ತಿದ್ದಳು.

ಮೊದಮೊದಲು ಬೇಜಾರಾಗುತ್ತಿತ್ತು. ಬರಬರುತ್ತಾ ಆ ಬೇಜಾರು ಸಿಟ್ಟಾಯಿತು.

ಹದಿನೈದನೆಯ ಸಲ ಬಾಲರಾಜ್ ಕರೆಯಲು ಬಂದಾಗ ಆಕೆ ಹೊಸ್ತಿಲಲ್ಲೇ ನಿಂತು ಕೇಳಿದಳು. "ಬಾಲರಾಜಣ್ಣಾ, ಈ ಸಲ ನನಗ ಎರಡು ತಾಸು ಬಿಡುವು ಬೇಕು. ಸಮುದ್ರ ನೋಡಬೇಕು ನಾನು."

"ಅಷ್ಟೇ ಏನಕ್ಕಾ? ಮಲ್ಪೆಯೊಳಗ ಮಧ್ಯಾಹ್ನದ ಊಟ ಆದ ಮ್ಯಾಲ ಫುಲ್ ಫ್ರೀ. ನನ್ನ ಮಾತು."

ಜನವರಿಯ ಆ ಟೂರಿನಲ್ಲಿ ಗೋಕರ್ಣವನ್ನೂ ಮುರುಡೇಶ್ವರವನ್ನೂ ಆಕೆ ಹಲ್ಲು ಕಚ್ಚಿ ದಾಟಿಸಿದಳು. ಮೂರನೆಯ ದಿನ ಮಲ್ಪೆ. ಮಧ್ಯಾಹ್ನ ಅನ್ನ, ಹೋಳಿಗೆ, ಕಟ್ಟಿನ ಸಾರು ಬಡಿಸಿ, ಎಲ್ಲರೂ ದಂಡೆಗೆ ಹೋದ ಮೇಲೆ ಪಾತ್ರೆ ತೊಳೆದು ಬೋರಲು ಹಾಕಿದಳು. ಖಾಲಿ ಬಸ್ಸಿನೊಳಗೆ ಹೋಗಿ, ಮಗಳ ಸೀಮಂತಕ್ಕೆ ಉಟ್ಟಿದ್ದ ನೀಲಿ ಸೀರೆ ಉಟ್ಟಳು. ತಲೆ ಬಾಚಿ ಕೆಳಗಿಳಿದಾಗ ನೆರಳಲ್ಲಿ ಒರಗಿದ್ದ ಡ್ರೈವರ್ ಮೌಲಾಲಿ ನಕ್ಕ. "ಹೋಗಿ ಬಾ ಅಕ್ಕಾ, ಬೇಫಿಕರ್. ಸಾಮಾನು ನಾ ನೋಡ್ಕೊಂತೀನಿ."

ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಎದುರಿನಿಂದ ಬಾಲರಾಜ್ ಬಂದ.

"ಅಕ್ಕಾ, ಜಲ್ದಿ ಒಂದು ನೂರು ಮಿರ್ಚಿ ಹಾಕು. ಶೋಭಾರಾಣಿ ಟೀಚರಿಗೆ ನೀರಿನ್ಯಾಗ ಕಾಲು ಬಿಟ್ಕೊಂಡು ಬಿಸಿ ಬಿಸಿ ಮಿರ್ಚಿ ತಿನ್ನೋ ಆಸೆ ಆಗೈತಂತ. ಎಲ್ಲಾರೂ ಹೂಂ ಅಂದಾರ."

"ನೀವು ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ. ಈಗ ಪಾರ್ಟಿ ಕೇಳಾಕತ್ತೈತಿ, ಏನು ಮಾಡಲಿ? ಸಮುದ್ರ ಎಲ್ಲಿಗಾರ ಓಡಿ ಹೋಗ್ತೈತೇನು? ಮುಂದಿನ ಸಲ ನೋಡಿದ್ರಾತು." ನಗುತ್ತಲೇ ಅಂದು, ಆಕೆಯ ಉತ್ತರಕ್ಕೂ ಕಾಯದೆ ತಿರುಗಿ ಹೋದ.

ಆ ನಗೆ ಇಲ್ಲದಿದ್ದರೆ ಬಹುಶಃ ಆಕೆ ಅಂದೂ ಸೆರಗು ಕಟ್ಟಿ ಕಡಲೆಹಿಟ್ಟು ಕಲೆಸುತ್ತಿದ್ದಳೇನೋ. ಗಾದಿಲಿಂಗಮ್ಮನ ಕಿವಿ ಬಿಸಿಯಾದವು. ನೆಟ್ಟಗೆ ಒಲೆಯ ಹತ್ತಿರ ಹೋದಳು. ಸಿಲಿಂಡರಿನ ರೆಗ್ಯುಲೇಟರ್ ಕಿತ್ತಳು, ಪೈಪಿನಿಂದ ಬಿಡಿಸಿದಳು, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೌಲಾಲಿ ಎದ್ದು ಕೂತ.

"ಅಕ್ಕಾ, ಅದ್ಯಾಕ?"

"ಇದು ಇಲ್ಲಿದ್ರ ಯಾರಾರ ಒಲಿ ಹಚ್ಚಿ ನನ್ನ ಕರೀತಾರ."

ಸಾಲಾಗಿ ನಿಂತ ಬಸ್ಸುಗಳ ನಡುವೆ, ಎಳನೀರು ಗಾಡಿಗಳ ಪಕ್ಕದಲ್ಲಿ, ಕಾಲು ಹುಗಿಯುವ ಮರಳಿನಲ್ಲಿ ಆಕೆ ದಾಪುಗಾಲು ಹಾಕಿದಳು. ಇನ್ನೂರು ಹೆಜ್ಜೆಯೂ ಆಗಿರಲಿಕ್ಕಿಲ್ಲ. ಗಾಳಿ ಮರಗಳ ಸಾಲು ಮುಗಿಯಿತು.

ಎದುರಿಗೆ ಎಲ್ಲವೂ ನೀರು.

ಆಕೆ ನಿಂತುಬಿಟ್ಟಳು. ತುಂಗಭದ್ರೆಯ ಹೊಳೆ ಕಂಡವಳು, ಮಳೆಗಾಲದಲ್ಲಿ ಅದು ನಾಗಲದಿನ್ನೆಯ ಹತ್ತಿರ ದಡ ತುಂಬಿ ಹರಿದದ್ದನ್ನೂ ಕಂಡವಳು. ಆದರೆ ಆ ನೀರಿಗೆ ಆಚೆ ದಡವಿತ್ತು. ಇದಕ್ಕೆ ಇರಲಿಲ್ಲ. ಬಿಸಿಲು ಅದರ ಮೇಲೆ ಪುಡಿ ಪುಡಿಯಾಗಿ ಬಿದ್ದಿತ್ತು. ತೆರೆ ಬಂದು ಪಾದ ತೋಯಿಸಿ, ಕಾಲ ಕೆಳಗಿನ ಮರಳನ್ನು ಎಳೆದುಕೊಂಡು ಹೋದಾಗ ಯಾರೋ ಅಂಗಾಲಿಗೆ ಕಚಗುಳಿ ಇಟ್ಟಂತಾಗಿ ಬಾಯಿಂದ ಒಂದು ನಗು ಹೊರಬಿತ್ತು. ಆ ನಗುವಿನ ಬೆನ್ನಿಗೇ ಸಿಟ್ಟು ಬಂತು.

ಇಷ್ಟು ಚೆಂದ ಇದೆ ಎಂದು ಆಕೆಗೆ ತಿಳಿದಿರಲಿಲ್ಲ. ಅಲ್ಲಿ ಏನೂ ಇರಲಿಕ್ಕಿಲ್ಲ, ನೀರು ಅಂದರೆ ನೀರು ಎಂದು ಇಷ್ಟು ದಿನ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಿದ್ದಳು. ಆರು ವರ್ಷ ಇದು ತನ್ನ ಒಲೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿತ್ತು. ಹೋದವರೆಲ್ಲ ಇದನ್ನು ನೋಡಿ ಬಂದು, ಆಕೆಯ ಮುಂದೆ ತಟ್ಟೆ ಚಾಚಿದ್ದರು. ಆಕೆ ಸೀರೆಯ ಸಮೇತ ನೀರಿನ ಅಂಚಿನಲ್ಲಿ ಕೂತಳು. ಕೂತು, ತೆರೆ ಬಂದಾಗೆಲ್ಲ ಎರಡೂ ಅಂಗೈಯಿಂದ ಅದನ್ನು ಪಟಪಟನೆ ಬಡಿದಳು. ದೂರದಿಂದ ನೋಡಿದವರು ಆಡುತ್ತಿದ್ದಾಳೆ ಅಂದುಕೊಂಡರು.

ಅರ್ಧ ತಾಸಾದರೂ ಮಿರ್ಚಿ ಬರದಾಗ ಬಾಲರಾಜ್ ಹುಡುಕಿಕೊಂಡು ಬಂದ. ಸಿಟ್ಟು ಬಂದರೆ ಅವನ ಮಾತು ತೆಲುಗಿಗೆ ಹೊರಳುತ್ತಿತ್ತು. "ಏಮಿಟಿದಿ ಗಾದಿಲಿಂಗಮ್ಮಾ? ವಂಟ ಎವರು ಚೇಸ್ತಾರು? ಅಡಿಗಿ ಯಾರು ಮಾಡ್ತಾರ? ಒಲಿ ಬಿಟ್ಟು ಇಲ್ಲಿ ಬಂದು ಕುಂತೀಯಲ್ಲ! ರೆಗ್ಯುಲೇಟರ್ ಎಲ್ಲೈತಿ?"

"ನನ್ನ ಸ್ವಂಟದಾಗ ಐತಿ. ಆರು ಗಂಟೆಗೆ ಬರ್ತೀನಿ, ರಾತ್ರಿ ಅಡಿಗಿ ಮಾಡ್ತೀನಿ. ಅಲ್ಲೀತನ ಮಿರ್ಚಿ ಇಲ್ಲ, ಚಾ ಇಲ್ಲ."

"ಎದ್ದೇಳು ಅಂದೆ!"

"ಏಳಂಗಿಲ್ಲ."

ಜನ ಸೇರಿದರು. ಹತ್ತಿ ವ್ಯಾಪಾರಿ ಸೋಮಶೇಖರಪ್ಪನ ಹೆಂಡತಿ ಪಂಪಮ್ಮ ಸೀರೆ ಎತ್ತಿ ಹಿಡಿದುಕೊಂಡೇ ಬಂದು, "ಇದೇನು ತಾಯೀ ಹಠ? ಅಡಿಗಿ ಮಾಡಾಕಂತಲೇ ಅಲ್ಲೇನು ನಿನ್ನ ಕರ್ಕೊಂಡು ಬಂದದ್ದು?" ಎಂದಳು.

ಗಾದಿಲಿಂಗಮ್ಮ ಕೂತಲ್ಲಿಂದಲೇ ತಲೆ ಎತ್ತಿದಳು. "ಹೌದ್ರೀ, ಅಡಿಗಿ ಮಾಡಾಕ ಬಂದೀನಿ. ಮೂರು ದಿನದಾಗ ನಿಮ್ಮ ಯಾವ ಹೊತ್ತಿನ ಊಟ ತಪ್ಪೈತಿ, ಹೇಳ್ರಿ. ನಿಮಗ ಯಾವ ಜಾಗ ಚಲೋ ಅನಿಸ್ತು ಅಂತ ಬಸ್ಸಿನ್ಯಾಗ ಒಬ್ಬೊಬ್ಬರಿಗೂ ಮೈಕ್ ಕೊಟ್ಟು ಕೇಳಿದ್ರಿ. ನನಗೂ ಕೇಳ್ರಿ. ಗೋಕರ್ಣದಾಗ ನನಗ ಇರುವಿ ಕಡಿದಾವ. ಮುರುಡೇಶ್ವರದಾಗ ಗಾಳಿಗೆ ಉರಿ ತಿರುಗಿ ಈ ಕೈ ಸುಟ್ಟೈತಿ, ನೋಡ್ರಿ. ಮಲ್ಪೆಯೊಳಗ ಮರಳು ಆರಿಸಿ ಕಣ್ಣು ಹೋಗ್ಯಾವ. ಇವೇ ನಾ ನೋಡಿದ ಜಾಗ!"

ಕೈಯ ಮೇಲೆ ಮೊಣಕೈತನಕ ಹಳೆಯ ಸುಟ್ಟ ಕಲೆ ಇತ್ತು. ಪಂಪಮ್ಮ ನೋಡಲಿಲ್ಲ. ಶೋಭಾರಾಣಿ ಟೀಚರು ನೋಡಿದಳು. ಮುಖ ಚಿಕ್ಕದು ಮಾಡಿಕೊಂಡು, "ಮಿರ್ಚಿ ಕೇಳಿದ್ದು ನಾನೇ ಅಕ್ಕಾ. ನೀವು ಸಮುದ್ರ ನೋಡಿಲ್ಲ ಅಂತ ನನಗ ಗೊತ್ತಿರಲಿಲ್ಲ" ಎಂದಳು.

"ಮೂರು ಟೂರು ನನ್ನ ಕೈಲೆ ಉಂಡೀರಿ ಟೀಚರ್. ಗೊತ್ತಿರಲಿಲ್ಲ ಅನಬ್ಯಾಡ್ರಿ. ಕೇಳಲಿಲ್ಲ ಅನ್ರಿ."

ಬಾಲರಾಜ್, "ಇದೇ ನಿನ್ನ ಕಡೇ ಟೂರು, ತಿಳ್ಕೋ" ಎಂದು ಬೆರಳು ತೋರಿಸಿದ.

"ಆಗಲಿ. ಕಡೇ ಟೂರಾಗಾರ ನೋಡಿದೆನಲ್ಲ."

ಆರು ಗಂಟೆಗೆ ಸರಿಯಾಗಿ ಆಕೆ ಎದ್ದು ಹೋಗಿ, ಒದ್ದೆ ಸೀರೆಯಲ್ಲೇ ಒಲೆ ಹಚ್ಚಿ, ನಲವತ್ತೈದು ಮಂದಿಗೂ ಬಿಸಿ ಅನ್ನ, ಬದನೆಕಾಯಿ ಪಲ್ಯ ಮಾಡಿ ಬಡಿಸಿದಳು. ಉಪ್ಪು ಒಂದು ಹರಳೂ ಹೆಚ್ಚು ಕಡಿಮೆಯಾಗಿರಲಿಲ್ಲ. ಸಿಟ್ಟನ್ನು ಅನ್ನಕ್ಕೆ ಹಾಕುವವಳಲ್ಲ ಆಕೆ.

ಊರಿಗೆ ಬಂದ ಮೇಲೆ ಭೀಮಲಿಂಗಪ್ಪ ಕುರಿಗಳಿಗೆ ನೀರು ತೋರಿಸುತ್ತಾ ಎಲ್ಲ ಕೇಳಿಸಿಕೊಂಡು, "ಹೋಗ್ಲಿ ಬಿಡು. ನೋಡಿದೆಯಲ್ಲ, ಈಗಾರ ಸಮಾಧಾನ ಆಯ್ತಾ?" ಎಂದ.

"ಎಲ್ಲಿ ಸಮಾಧಾನ? ನೋಡಿದ ಮ್ಯಾಲ ಇನ್ನಾ ಉರಿಯಾಕತ್ತೈತಿ. ಹದಿನಾಲ್ಕು ಸಲ ನುಂಗ್ಯಾರ ನಂದು!"

ಬಾಲರಾಜ್ ಹೊಸ ಅಡಿಗೆಯವನನ್ನು ಹಿಡಿದ. ಆ ಟೂರಿನಲ್ಲಿ ಎರಡನೆಯ ದಿನಕ್ಕೇ ಜನ ಹೋಟೆಲು ಹುಡುಕಿದರು. ಇನ್ನೊಬ್ಬ ಅಡಿಗೆಯವ ಅರ್ಧ ದಾರಿಯಲ್ಲಿ ಬಸ್ಸಿಳಿದು ಮನೆಗೆ ಹೋದ. ಏಪ್ರಿಲಿನಲ್ಲಿ ಬಾಲರಾಜ್ ಮತ್ತೆ ಗಾದಿಲಿಂಗಮ್ಮನ ಬಾಗಿಲಿಗೆ ಬಂದ. ಆಕೆ ಕುಂದ್ರು ಎನ್ನಲಿಲ್ಲ.

"ಅಕ್ಕಾ, ಹಳೇದೆಲ್ಲ ಮರ್ತುಬಿಡು."

"ಮರಿಯಂಗಿಲ್ಲ. ನಮ್ಮ ನಾದಿನಿ ಉಚ್ಚಮ್ಮನ್ನ ಜೋಡಿ ಕರ್ಕೊಂಡು ಬರ್ತೀನಿ, ಇಬ್ಬರಿಗೂ ಕೂಲಿ ಬೇಕು. ಸಮುದ್ರದ ಊರು ಬಂದ್ರ ಸಂಜಿ ನಾಕರಿಂದ ಆರರತನ ಒಲಿ ಬಂದ್. ಬಸ್ಸು ಬಿಡೋ ಮುಂಚೆ ಇದನ್ನ ಮೈಕಿನ್ಯಾಗ ನೀವೇ ಎಲ್ಲರಿಗೂ ಹೇಳಬೇಕು."

"ಒಂದು ತಾಸು ಮಾಡ್ಕೋ."

ಆಕೆ ಬಾಗಿಲು ಹಾಕಿಕೊಂಡಳು. ವಾರ ಬಿಟ್ಟು ಮೌಲಾಲಿ ಬಂದು, ಸಾವ್ಕಾರ ಬಾಲರಾಜ್ ಒಪ್ಪಿದ್ದಾನೆಂದು ಹೇಳಿ ಹೋದ.

ಮೇ ತಿಂಗಳಲ್ಲಿ ಬಸ್ಸು ಕಾಪುವಿಗೂ ಹೋಯಿತು. ನಾಲ್ಕಕ್ಕೆ ಒಲೆ ಆರಿಸಿ ಇಬ್ಬರೂ ದೀಪಸ್ತಂಭದ ಬಂಡೆಯ ಮೇಲೆ ಹೋಗಿ ಕೂತರು. ಉಚ್ಚಮ್ಮ ತೆರೆಗೆ ಹೆದರಿ ಮೊದಲು ಚೀರಿದಳು, ಆಮೇಲೆ ಎಬ್ಬಿಸಿದರೂ ಏಳಲೊಲ್ಲಳು. ಅವಳನ್ನು ಅಲ್ಲೇ ಬಿಟ್ಟು ಗಾದಿಲಿಂಗಮ್ಮ ಹಿಂತಿರುಗುವಾಗ, ಬೇರೊಂದು ಬಸ್ಸಿನ ಹಿಂದೆ ಬೆವರು ಒರೆಸಿಕೊಳ್ಳುತ್ತಾ ಬೇಳೆ ತಿರುವುತ್ತಿದ್ದ ಹೆಂಗಸು ಕಣ್ಣಿಗೆ ಬಿದ್ದಳು. ಸಿಂಧನೂರು ಕಡೆಯವಳು, ಹೆಸರು ಅಕ್ಕನಾಗಮ್ಮ.

"ಸಮುದ್ರ ನೋಡಿಯೇನವ್ವಾ?"

"ಎಲ್ಲಿ ನೋಡ್ಲಿ ಅಕ್ಕಾ, ಅಡಿಗಿ ಐತಲ್ಲ."

ಗಾದಿಲಿಂಗಮ್ಮನ ಕಿವಿ ಮತ್ತೆ ಬಿಸಿಯಾದವು. ಅವಳ ಕೈಯಿಂದ ಸೌಟು ಕಸಿದುಕೊಂಡು, "ಮೊದಲು ಹೋಗು ಇಲ್ಲಿಂದ. ಆ ಬಂಡೆಗಲ್ಲು ದಾಟಿದ್ರ ಐತಿ. ಹೋಗಂತೀನಿ!" ಎಂದು ಗದರಿಸಿದಳು. ಅಕ್ಕನಾಗಮ್ಮ ಹಿಂದೆ ಮುಂದೆ ನೋಡಿ, ಸೆರಗಿಗೆ ಕೈ ಒರೆಸಿಕೊಂಡು ಹೋದಳು. ಹತ್ತು ನಿಮಿಷವಾಯಿತು, ಅರ್ಧ ತಾಸಾಯಿತು, ಬರಲಿಲ್ಲ. ಅಷ್ಟರಲ್ಲಿ ಆ ಬಸ್ಸಿನ ಮಾಲೀಕ ಬಂದು, ಗುರುತಿಲ್ಲದ ಹೆಂಗಸು ತನ್ನ ಒಲೆಯ ಮುಂದೆ ನಿಂತದ್ದನ್ನು ಕಂಡು ದಂಗಾದ.

"ಯಾರಮ್ಮ ನೀನು? ನಮ್ಮ ಅಡಿಗಿಯಾಕಿ ಎಲ್ಲಿ?"

ಗಾದಿಲಿಂಗಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಸಮುದ್ರದ ಹತ್ರ ಅದಾಳ. ಬ್ಯಾಳಿ ಇನ್ನಾ ಬೆಂದಿಲ್ಲ. ಹೋಗಿ ಕುಂದ್ರು."