ಮಾವ ಮತ್ತು ಹೆದರುಪುಕ್ಕಲ ಮಿಷಿನ್ನು

ನಮ್ಮ ಮಾವ ನೀರಿಗೆ ಇಳಿಯುವ ಮೊದಲು ಮುಖಕ್ಕೆ ಕಟ್ಟುವ ಗಾಜಿನ ಮಾಸ್ಕನ್ನು ತಿರುಗಿಸಿ ಹಿಡಿದು, ಗಂಟಲಾಳದಿಂದ ಕ್ಯಾಕರಿಸಿ, ಅದರೊಳಗೆ ಥೂ ಅಂತ ಉಗಿಯುತ್ತಿದ್ದ. ಎಲೆ ಅಡಿಕೆಯ ಕೆಂಪು ಬೆರೆತ ಆ ಎಂಜಲನ್ನು, ದೋಸೆ ಕಾವಲಿಗೆ ಎಣ್ಣೆ ಸವರುವಷ್ಟು ನಿಧಾನವಾಗಿ ಹೆಬ್ಬೆರಳಿನಿಂದ ಗಾಜಿನ ತುಂಬ ಸವರಿ, ನೀರಲ್ಲಿ ಒಮ್ಮೆ ಅದ್ದಿ ಮುಖಕ್ಕೆ ಏರಿಸುತ್ತಿದ್ದ. ಗಾಜಿಗೆ ಹಬೆ ಕಟ್ಟಬಾರದಲ್ಲ, ಅದಕ್ಕೆ. ಮೊದಲ ದಿನ ನಾನು ಮುಖ ಕಿವುಚಿಕೊಂಡು ನಿಂತಿದ್ದನ್ನು ನೋಡಿ, ನನ್ನ ಮಾಸ್ಕನ್ನೂ ಕಿತ್ತುಕೊಂಡು ಅದಕ್ಕೂ ತಾನೇ ಉಗಿದು ಕೊಟ್ಟ.

"ಹಾಕ್ಕಳ್ಲಾ ಅಳಿಯ. ನಮ್ಮಕ್ಕನ ಮಗ ನೀನು, ಹೊರಗ್ನೋನಾ?"

ನಾನು ಪಕ್ಕಕ್ಕೆ ಹೋಗಿ ಬೆಳಗಿನ ಚಿತ್ರಾನ್ನವನ್ನು ಬಂಡೆಗೆ ಅರ್ಪಿಸಿ ಬಂದೆ. ನಮ್ಮಿಬ್ಬರ ಗುರುಶಿಷ್ಯ ಸಂಬಂಧ ಶುರುವಾಗಿದ್ದು ಹೀಗೆ.

ಮಾವ ಅಂದರೆ ನಮ್ಮಮ್ಮನ ಸ್ವಂತ ತಮ್ಮ. ಮಂಗಳೂರಿನ ಬಂದರಿನಲ್ಲಿ ಹಡಗುಗಳ ಅಡಿಗೆ ಹೋಗಿ ಪಾಚಿ ಕೆರೆಯುವ ಕೆಲಸ ಮಾಡಿಕೊಂಡಿದ್ದ. ಅಲ್ಲಿಂದ ವಾಪಸ್ ಬಂದು ಮರಳವಾಡಿಯಲ್ಲಿ ಒಂದಿಷ್ಟು ಹಿಪ್ಪುನೇರಳೆ ಹಾಕಿಕೊಂಡು, ಬಿಡುವಿನಲ್ಲಿ ಕಲ್ಲು ಕ್ವಾರಿಯ ಗುಂಡಿಗಳಿಗೆ ಇಳಿಯುತ್ತಿದ್ದ. ಬಂಡೆ ಒಡೆದು ಒಡೆದು ಬಿಟ್ಟುಹೋದ ಗುಂಡಿಗಳು ನಮ್ಮ ಕಡೆ ಬೇಕಾದಷ್ಟಿವೆ. ಮಳೆ ನೀರು ತುಂಬಿಕೊಂಡು ದೂರಕ್ಕೆ ಹಸಿರಾಗಿ, ಫೋಟೋಕ್ಕೆ ಚೆನ್ನಾಗಿ ಕಾಣುತ್ತವೆ. ಹತ್ತಿರ ಹೋದರೆ ಗೊತ್ತಾಗುತ್ತದೆ ಆ ಹಸಿರು ಯಾವುದರದ್ದು ಅಂತ. ಕೋಳಿ ಅಂಗಡಿಯವರು ಪುಕ್ಕ ಕರುಳುಗಳ ಚೀಲ ತಂದು ಸುರಿಯುವುದು ಅಲ್ಲಿಗೇ. ಸತ್ತ ನಾಯಿ, ಮಕ್ಕಳ ಡೈಪರು, ಒಡೆದ ಬಿಯರ್ ಬಾಟಲಿ, ಮದುವೆ ಮನೆಯ ಎಂಜಲೆಲೆ, ಎಲ್ಲದಕ್ಕೂ ಅದೇ ಕೊನೆಯ ನಿಲ್ದಾಣ. ಅದೇ ನೀರಿಗೆ ಭಾನುವಾರ ಹುಡುಗರು ಮೇಲಿನಿಂದ ಹಾರುತ್ತಾರೆ. ಕೆಲವರು ಮೇಲೆ ಬರುವುದಿಲ್ಲ. ಆಗ ಮಾವನಿಗೆ ಫೋನ್ ಬರುತ್ತಿತ್ತು.

ನಾನು ಅವನ ಹಿಂದೆ ಬಿದ್ದಿದ್ದು ಪರೋಪಕಾರಕ್ಕಲ್ಲ. ಡಿಗ್ರಿಯಲ್ಲಿ ಎರಡು ಸಬ್ಜೆಕ್ಟು ಫೇಲಾಗಿ ಕೂತಿದ್ದವು, ಮನೆಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವುದು ತಪ್ಪಿಸಿಕೊಳ್ಳಬೇಕಿತ್ತು, ರಬ್ಬರ್ ಸೂಟು ಹಾಕಿದ ಒಂದು ಫೋಟೋ ಬೇಕಿತ್ತು. ಸೂಟು ಸಿಕ್ಕಿತು. ನನಗಿಂತ ಮೊದಲು ಅದನ್ನು ಹಾಕಿದವರೆಲ್ಲ ಅದರೊಳಗೇ ಉಚ್ಚೆ ಹೊಯ್ದುಕೊಂಡಿದ್ದರು ಅಂತ ಮಾವ ಆಮೇಲೆ ಹೇಳಿದ. ಹಾಗೆ ಹೊಯ್ದುಕೊಂಡರೆ ಮೈ ಬೆಚ್ಚಗಿರುತ್ತದಂತೆ.

ಮಾವ ಕಲಿಸಿದ್ದರಲ್ಲಿ ದೊಡ್ಡ ಪಾಠ ಈಜಲ್ಲ, ಮಣಿಕಟ್ಟಿಗೆ ಕಟ್ಟುವ ಡೈವ್ ಕಂಪ್ಯೂಟರು. ನೋಡುವುದಕ್ಕೆ ದಪ್ಪ ವಾಚಿನ ಹಾಗಿರುತ್ತದೆ. ಅವನ ಕೈಗೊಂದು, ನನ್ನ ಕೈಗೊಂದು. ಎಷ್ಟು ಆಳದಲ್ಲಿದ್ದೀಯ, ಇನ್ನೆಷ್ಟು ಹೊತ್ತು ಇರಬಹುದು, ಎಷ್ಟು ನಿಧಾನ ಮೇಲೆ ಬರಬೇಕು, ಎಲ್ಲ ಹೇಳುತ್ತದೆ. ಆತುರಪಟ್ಟು ಮೇಲೆ ಬಂದರೆ ರಕ್ತದಲ್ಲಿ ಕರಗಿದ ಗಾಳಿ, ಸೋಡಾ ಬಾಟಲಿ ತೆಗೆದಂತೆ ಮೈಯೊಳಗೇ ನೊರೆಯಾಗಿ ಎದ್ದುಬಿಡುತ್ತದೆ. ಬಂದರಿನಲ್ಲಿ ಹಾಗಾಗಿ ಮಾವನ ಜೊತೆಯವನೊಬ್ಬ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ. ಅದನ್ನು ಮಾವ ಒಂದೇ ಸಲ ಹೇಳಿದ್ದು.

ಮಿಷಿನ್ನಿಗೆ ಅವನಿಟ್ಟ ಹೆಸರು ಹೆದರುಪುಕ್ಲ. "ಇದು ಬುದ್ವಂತ ಅಲ್ಲ ಕಣ್ಲಾ, ಹೆದರುಪುಕ್ಲ. ಇದು ಹೆದರ್ಕಂಡಾಗ ನೀನೂ ಹೆದರ್ಕಬೇಕು. ಆಗ್ಲೇ ಮನೆಗ್ ಬಂದು ಉಣ್ಣೋದು." ನೀರಿಗೆ ಇಳಿಯುವ ಮುಂಚೆ ಅದರ ಬ್ಯಾಟರಿ ನೋಡಬೇಕು, ಸಿಹಿನೀರಿಗೆ ಹಾಕಿದೆಯೋ ಉಪ್ಪುನೀರಿಗೋ ನೋಡಬೇಕು, ಕೈ ಉದ್ದ ನೀರಿನೊಳಗೆ ಮುಳುಗಿಸಿ ಅದು ಎಚ್ಚರಾಗಿದೆಯೋ ನೋಡಬೇಕು. ಮೇಲೆ ಬಂದಮೇಲೆ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು.

ನಾನು ತೊಳೆಯುವುದಕ್ಕೆ ಅಂತ ಬಚ್ಚಲಿನ ಬಕೆಟ್ಟಿಗೆ ಹಾಕಿ ಮರೆತು, ಕನಕಪುರಕ್ಕೆ ಸಿನಿಮಾಕ್ಕೆ ಹೋಗಿಬಿಟ್ಟೆ. ವಾಪಸ್ ಬಂದರೆ ಹೆದರುಪುಕ್ಲ ಬಕೆಟ್ಟಿನಲ್ಲಿ ಕೂತು, ತಾನು ಮಧ್ಯಾಹ್ನದಿಂದ ಡೈವ್ ಮಾಡುತ್ತಿದ್ದೇನೆ ಅಂತ ತೋರಿಸುತ್ತಿತ್ತು. ನಾನು ಗಾಬರಿಯಾಗಿ ಮಾವನಿಗೆ ಫೋನ್ ಮಾಡಿ, "ಮಾವ, ಮಿಷಿನ್ನು ಸಾವಿರ ಅಡಿ ಆಳಕ್ಕೋಗ್ಬುಟ್ಟೈತೆ" ಅಂದೆ.

"ಎಷ್ಟ್ ಮೀಟ್ರು ತೋರುಸ್ತೈತೆ, ಅದ್ ಹೇಳು."

"ಅರ್ಧ ಮೀಟ್ರು."

"ಮತ್ಯಾಕ್ಲಾ ಸಾವ್ರ ಅಡಿ ಅಂತೀಯ? ನನ್ ತಾವ ಕತೆ ಕಟ್ಬೇಡ. ಮೀಟ್ರು ಹೇಳು. ನೀರಲ್ಲಿ ಒಂದ್ ಸುಳ್ ಹೇಳುದ್ರೆ ಒಂದ್ ಹೆಣ ಕಣ್ಲಾ. ನೀರಿಂದ ತೆಗ್ದಿಡು, ಅದೇ ಸುಮ್ಕಾಯ್ತದೆ."

ಕತೆ ಕಟ್ಟುವುದನ್ನು ಕಂಡರೆ ಅವನಿಗೆ ಅಸಹ್ಯ. ನನಗೆ ಎಂಜಲು ಕಂಡರೆ ಆಗುವಷ್ಟೇ ಅಸಹ್ಯ.

ತಿಪ್ಪಸಂದ್ರದ ಕಡೆಯ ಒಬ್ಬ ಹುಡುಗ ಮುಳುಗಿದ ವಿಷಯಕ್ಕೆ ಬರುವ ಮುಂಚೆ ರಾಗಿಹಿಟ್ಟಿನ ವಿಷಯ ಹೇಳಲೇಬೇಕು. ಆ ವಾರ ನನ್ನ ಮಿಷಿನ್ನಿನ ಗಾಜಿನ ಒಳಗೆ ಸಣ್ಣಗೆ ಹಬೆ ಕಂಡಂತಾಯಿತು. ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹೂತಿಡುವುದು ಇಡೀ ಜಗತ್ತಿಗೇ ಗೊತ್ತು. ನಮ್ಮ ಮನೆಯಲ್ಲಿ ಅಕ್ಕಿ ಡಬ್ಬಿ ಖಾಲಿಯಿತ್ತು. ಪಕ್ಕದಲ್ಲಿ ರಾಗಿಹಿಟ್ಟಿನ ಡಬ್ಬಿ ತುಂಬಿ ತುಳುಕುತ್ತಿತ್ತು. ಯಾವುದಾದರೇನು, ಎರಡೂ ಧಾನ್ಯವೇ ಅಂತ ಹೆದರುಪುಕ್ಲನನ್ನು ಹಿಟ್ಟಿನಲ್ಲಿ ಕತ್ತಿನ ಮಟ್ಟ ಹೂತಿಟ್ಟೆ. ಅದರ ಬೆನ್ನಿನಲ್ಲಿ ಸಣ್ಣ ಸಣ್ಣ ತೂತುಗಳಿವೆ, ನೀರಿನ ಒತ್ತಡ ಅವುಗಳ ಮೂಲಕವೇ ಒಳಗಿನ ಸೆನ್ಸರಿಗೆ ಗೊತ್ತಾಗುವುದು ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಕ್ವಾರಿಯ ಲೋಳೆ ಇನ್ನೂ ಒದ್ದೆಯಿದ್ದ ತೂತುಗಳೊಳಗೆ ಹಿಟ್ಟು ಸೇರಿ, ಒಣಗಿ, ಸಿಮೆಂಟಾಯಿತು. ಅಷ್ಟೇ ಅಲ್ಲ, ಅಮ್ಮ ಅದೇ ಹಿಟ್ಟಿನಲ್ಲಿ ಮುದ್ದೆ ತೊಳಸಿದರು. ಅಪ್ಪ ಒಂದು ತುತ್ತು ನುಂಗಿ, "ಈ ಸಲದ ರಾಗಿ ಯಾಕೋ ಟೈರ್ ವಾಸ್ನೆ ಹೊಡೀತೈತಲ್ಲ" ಅಂದರು. ನಾನು ಹೊಟ್ಟೆನೋವು ಅಂತ ಎದ್ದುಹೋದೆ.

ಅದಾದ ಮೇಲೆ ಫೋನ್ ಬಂತು. ಹುಡುಗ ಸ್ನೇಹಿತರ ಜೊತೆ ಬಂದಿದ್ದವನು, ಹಾರಿದವನು ಮೇಲೆ ಬಂದಿಲ್ಲ. ನಾವು ಹೋಗುವಷ್ಟರಲ್ಲಿ ಗುಂಡಿಯ ಸುತ್ತ ಜಾತ್ರೆಗಿಂತ ಹೆಚ್ಚು ಜನ. ಎಲ್ಲರ ಕೈಯೂ ಮೇಲೆ, ಎಲ್ಲ ಕೈಯಲ್ಲೂ ಫೋನು. ಒಬ್ಬ ಕಡ್ಲೆಕಾಯಿ ಮಾರುತ್ತಿದ್ದ, ಜನ ತಿಂದು ಸಿಪ್ಪೆಯನ್ನು ನೀರಿಗೇ ಉಗಿಯುತ್ತಿದ್ದರು. ಹುಡುಗ ಅದೇ ನೀರಿನೊಳಗೆ ಇದ್ದಾನೆ, ಇವರು ಅದೇ ನೀರಿಗೆ ಉಗಿಯುತ್ತಿದ್ದಾರೆ. ನನ್ನ ವಾಂತಿಗೆ ಅವತ್ತು ಮೊದಲ ಸಲ ಒಂದು ಮರ್ಯಾದೆಯ ಕಾರಣ ಸಿಕ್ಕಿತ್ತು.

ಹುಡುಗನ ಅಪ್ಪ ಬಂಡೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಮಾವನನ್ನು ಕಂಡು ಎದ್ದುಬಂದು, "ಹೆಂಗಿದ್ರೂ ಸರಿ ಕಣಣ್ಣ, ಅವ್ರವ್ವಂಗೆ ತೋರ್ಸೋ ಹಂಗೆ ಸಿಕ್ರೆ ಸಾಕು" ಅಂದರು. ಅವರಿಗೆ ಬೇಕಿದ್ದದ್ದು ಅಷ್ಟೇ.

ಮಾವ ಮುಂದೆ, ನಾನು ಹಿಂದೆ. ಕೆಳಗೆ ಹೋದಂತೆ ಹಸಿರು ಕಪ್ಪಾಯಿತು, ಟಾರ್ಚಿನ ಬೆಳಕಿನಲ್ಲಿ ಕೋಳಿಪುಕ್ಕಗಳು ತೇಲುತ್ತ ನನ್ನ ಗಾಜಿಗೆ ಅಂಟಿದವು. ತಳ ಮುಟ್ಟಿದೆವು. ಅಲ್ಲಿ ಹುಡುಗನಿದ್ದ. ಕಸದ ಗುಡ್ಡೆಯ ಮೇಲೆ ಮಕಾಡೆ ಬಿದ್ದಿದ್ದ. ಎರಡು ಕೈಯೂ ತಲೆಯ ಮೇಲಕ್ಕೆ ಚಾಚಿ, ಒಂದು ಹರಿದ ನೈಲಾನ್ ಚೀಲದ ದಾರಕ್ಕೆ ಬೆರಳುಗಳು ಸಿಕ್ಕಿಕೊಂಡಿದ್ದವು. ಬಿಡಿಸಿಕೊಳ್ಳಲು ನೋಡಿದ್ದಾನೆ ಅಂತ ನೋಡಿದರೇ ತಿಳಿಯುತ್ತಿತ್ತು. ಉಳಿದದ್ದನ್ನು ನಾನು ಬರೆಯುವುದಿಲ್ಲ. ನಾನು ಬಾಯಲ್ಲಿದ್ದ ಗಾಳಿಯ ಕೊಳವೆಯ ಮೂಲಕವೇ ವಾಂತಿ ಮಾಡಿದೆ. ಹಾಗೆ ಮಾಡಬಹುದು, ಕೊಳವೆ ಬಿಡಬಾರದು ಅಷ್ಟೇ ಅಂತ ಮಾವ ಮುಂಚೆಯೇ ಹೇಳಿಕೊಟ್ಟಿದ್ದ. ಎಲ್ಲಿದ್ದವೋ ಏನೋ ಜಿಲೇಬಿ ಮೀನುಗಳು ಬಂದು ಅದನ್ನೂ ತಿಂದವು. ಅವತ್ತಿನಿಂದ ನಾನು ಆ ಮೀನು ಮುಟ್ಟಿಲ್ಲ.

ಮಾವ ನನ್ನ ಮಣಿಕಟ್ಟು ಹಿಡಿದು ಮಿಷಿನ್ನು ನೋಡಿದ. ಅವನದ್ದು ಇಪ್ಪತ್ತು ಮೀಟರಿಗಿಂತ ಒಸಿ ಜಾಸ್ತಿ ತೋರಿಸುತ್ತಿತ್ತು. ನನ್ನದು ಎರಡು ಮೀಟರ್ ಅನ್ನುತ್ತಿತ್ತು. ನನ್ನ ಹೆದರುಪುಕ್ಲ ಪಾಪ, ಆಳುದ್ದದ ಕೆರೆಯಲ್ಲಿ ಆಡುತ್ತಿದ್ದೇನೆ ಅಂದುಕೊಂಡು ನೆಮ್ಮದಿಯಾಗಿತ್ತು.

ಹುಡುಗ ಕೈಯಳತೆಯಲ್ಲಿದ್ದ. ಮಾವ ಒಂದು ಗಳಿಗೆ ಅವನ ಕಡೆ ನೋಡಿದ. ಆಮೇಲೆ ಮೇಲಿನಿಂದ ತಂದಿದ್ದ ಹಗ್ಗದ ತುದಿಯನ್ನು ಗುರುತಿಗೆ ಅಲ್ಲೇ ಕಟ್ಟಿ, ನನಗೆ ಹೆಬ್ಬೆರಳು ಮೇಲೆ ತೋರಿಸಿದ. ಮೇಲಕ್ಕೆ ನಡಿ ಅಂತ. ನನ್ನ ಸೊಂಟದ ಪಟ್ಟಿಯನ್ನು ಬಿಗಿಯಾಗಿ ಹಿಡಿದು, ತನ್ನ ಮಿಷಿನ್ನು ನೋಡಿಕೊಂಡು, ಎಳೆಗೂಸನ್ನು ಮೆಟ್ಟಿಲು ಹತ್ತಿಸುವ ಹಾಗೆ ಹತ್ತಿಸಿದ. ಬೆಳಕು ಕಾಣುವಷ್ಟು ಮೇಲೆ ಬಂದಮೇಲೂ ಐದು ಮೀಟರಿನಲ್ಲಿ ನಿಲ್ಲಿಸಿ ಕಾಯಿಸಿದ. ನಮ್ಮ ಗುಳ್ಳೆಗಳನ್ನು ನೋಡಿ ಮೇಲೆ ಶಿಳ್ಳೆ ಬೀಳುತ್ತಿದ್ದವು.

ನೀರಿನ ಮೇಲೆ ತಲೆ ಎತ್ತಿದರೆ ಗಲಾಟೆಯೋ ಗಲಾಟೆ. "ಏನ್ ಗುರೂ, ಬರಿಗೈಲ್ ಬಂದ್ರಾ?" "ಲೇ, ಇವ್ರ್ ಒಳಗೋಗಿ ನಿದ್ದೆ ಹೊಡ್ದವ್ರೆ ಕಣ್ಲಾ!" ದಡ ಹತ್ತುತ್ತಿದ್ದಂತೆ ಒಬ್ಬನಂತೂ ಫೋನನ್ನು ಮಾವನ ಮೂಗಿಗೇ ಹಿಡಿದು, "ಹೇಳಿ ಸಾರ್, ಯಾಕ್ ಸಿಕ್ಲಿಲ್ಲ?" ಅಂದ. ಅವನ ಬಾಯಲ್ಲಿ ಕಡ್ಲೆಕಾಯಿ.

"ಮಿಷಿನ್ ಕೈ ಕೊಡ್ತು," ಅಂದ ಮಾವ. "ನಂದೇ."

ನಾನು ಬಾಯಿ ತೆಗೆದೆ. ಅವನು ನನ್ನ ಕಾಲು ತುಳಿದ.

ಹುಡುಗನ ಅಪ್ಪ ಯಾರ ಗಲಾಟೆಗೂ ಕಿವಿ ಕೊಡದೆ, "ಕಂಡ್ನಾ ಅಣ್ಣ?" ಅಂದರು.

"ಕಂಡ. ಮಲಿಕ್ಕಂಡಿದ್ದಂಗವ್ನೆ. ಒಸಿ ಹೊತ್ತು ಬುಟ್ಕಂಡು ಇನ್ನೊಂದ್ಸಲ ಹೋಗಿ ಕರ್ಕಂಡ್ ಬತ್ತೀನಿ. ಅವ್ನು ಹೊದ್ಕತಿದ್ದ ದುಪ್ಪಟಿ ಇದ್ರೆ ತರುಸ್ಕೊಡಿ."

ಒಬ್ಬರು ಬೈಕಿನಲ್ಲಿ ಹೋದರು. ಅಷ್ಟರಲ್ಲಿ ಮಾವ ಬಂಡೆಯ ನೆರಳಿಗೆ ನನ್ನನ್ನು ಎಳೆದುಕೊಂಡು ಹೋಗಿ ಮಿಷಿನ್ನು ತಿರುಗಿಸಿ ನೋಡಿದ. ಉಗುರಿನಲ್ಲಿ ಒಸಿ ಕೆರೆದು ಮೂಸಿದ. ಮತ್ತೆ ಮೂಸಿದ.

"ಏನ್ಲಾ ಇದು, ರಾಗಿ?"

"ಅಕ್ಕಿ ಇರ್ಲಿಲ್ಲ ಮಾವ."

ಅವನು ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಆಮೇಲೆ ನಾನು ಪಿನ್ನು ಹಾಕಿ ತೂತು ಬಿಡಿಸಲು ಹೋದಾಗ ಮಾತ್ರ ಕೈಗೆ ಒಂದು ಬಿಟ್ಟ, "ಚುಚ್ಚುದ್ರೆ ಸೆನ್ಸರ್ರೇ ಹೋಯ್ತದೆ ಮುಂಡೇದೆ" ಅಂತ. ಟೀ ಅಂಗಡಿಯಿಂದ ಉಗುರುಬೆಚ್ಚಗಿನ ನೀರು ತರಿಸಿ ಅದರಲ್ಲಿ ನೆನೆಯಲು ಹಾಕಿದ. ಟೀಯವನು ಲೋಟ ವಾಪಸ್ ತಗೊಳ್ಳಲಿಲ್ಲ. ಹೆಣ ಮುಟ್ಟಿದವರ ಲೋಟ, ನೀವೇ ಇಟ್ಕಳಿ ಅಂದ. ಹೆಣ ತೆಗೆಯಿರಿ ಅಂತ ಮಾವನಿಗೆ ಫೋನ್ ಮಾಡಿದವನು ಇದೇ ಟೀಯವನು.

"ಈಗ ತೂತು ಬಿಡ್ತಲ್ಲ ಮಾವ, ನಾನೂ ಬತ್ತೀನಿ."

"ನೀನ್ ಎಷ್ಟ್ ಆಳ ಹೋಗಿದ್ದೆ ಅಂತ್ಲೇ ಇದ್ಕೆ ಗೊತ್ತಿಲ್ಲ. ಇನ್ನೆಷ್ಟ್ ಹೊತ್ತು ಇರ್ಬೋದು ಅಂತ ಇದೇನ್ ಹೇಳ್ತದೆ, ತಲೆ? ಇವತ್ತು ನೀನ್ ನೀರ್ ಮುಟ್ಬೇಡ. ಹಗ್ಗ ಹಿಡ್ಕ."

"ಎಲ್ರೂ ನಿನ್ನ ಉಗೀತಾವ್ರಲ್ಲ. ನಂದು ತಪ್ಪು ಅಂತ ಯಾಕ್ ಹೇಳ್ಲಿಲ್ಲ?"

"ಉಗುದ್ರೆ ಒರಸ್ಕಬೋದು. ಹುಡುಗ್ರನ್ನ ಕರ್ಕಂಡ್ ಬಂದು ಆಟ ಆಡ್ತಾವ್ನೆ ಅಂತ ಆ ಹುಡುಗುನ್ ಅಪ್ಪಂಗ್ ಅನ್ಸುದ್ರೆ, ಅವನು ಇಲ್ಲಿ ಹೆಂಗ್ ಕುಂತಿರ್ತಾನ್ಲಾ?"

ದುಪ್ಪಟಿ ಬಂತು. ಮಾವ ಅದನ್ನು ಸೊಂಟಕ್ಕೆ ಸುತ್ತಿಕೊಂಡು ಇಳಿದ. ನಾನು ಹಗ್ಗ ಹಿಡಿದು ಕೂತೆ. ಬಹಳ ಹೊತ್ತಾಯಿತು. ಹೆಣವನ್ನು ನೀರಿನ ಮೇಲೆ ತರುವಾಗ ಮುಖ ಕಾಣುತ್ತದೆ, ಫೋನುಗಳೆಲ್ಲ ಕಾಯುತ್ತಿದ್ದದ್ದು ಅದಕ್ಕೇ. ಅವರಿಗೆ ಸಿಕ್ಕಿದ್ದು ಒಂದು ನೀಲಿ ಗೀಟಿನ ದುಪ್ಪಟಿ. ಮಾವ ನೀರಿನ ತಳದಲ್ಲೇ, ಆ ಕಸದಲ್ಲೇ, ಚೀಲದ ದಾರ ಬಿಡಿಸಿ, ಕೈ ಇಳಿಸಿ, ಮುಖ ಒರೆಸಿ, ತಲೆಯಿಂದ ಪಾದದವರೆಗೆ ಸುತ್ತಿ ಕಟ್ಟಿದ್ದ. "ಥತ್, ಏನೂ ಕಾಣ್ಸಲ್ಲ" ಅಂದ ಕಡ್ಲೆಕಾಯಿ ಅಗಿಯುತ್ತಿದ್ದ ಆ ಫೋನಿನವನು. ಹುಡುಗನ ಅವ್ವನಿಗೆ ಮುಖ ಮಾತ್ರ ತೆರೆದು ತೋರಿಸಿದರು.

ಅಷ್ಟು ಆಳಕ್ಕೆ ಇಳಿದು ಬಂದ ಮನುಷ್ಯ ಹೋದ ವರ್ಷ ನಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದು ಸತ್ತ. ಸೋಪಿನ ಮೇಲೆ ಕಾಲಿಟ್ಟನಂತೆ. ಇದಕ್ಕಿಂತ ಹೇಸಿಗೆಯ ಸಂಗತಿ ನನಗೆ ಈ ಲೋಕದಲ್ಲಿ ಇನ್ನೊಂದು ಕಂಡಿಲ್ಲ. ಸೋಪು ತಯಾರಿಸಿದವನಿಂದ ಹಿಡಿದು ಬಚ್ಚಲಿಗೆ ನುಣುಪು ಕಲ್ಲು ಹಾಕಿಸಿದ ನಮ್ಮಪ್ಪನವರೆಗೆ ಎಲ್ಲರ ಮೇಲೂ ನನಗೆ ಅಸಹ್ಯ.

ತಿಥಿಯ ದಿನ ತಿಪ್ಪಸಂದ್ರದಿಂದ ಆ ಹುಡುಗನ ಅಪ್ಪ ಬಂದಿದ್ದರು. ಊಟವಾದ ಮೇಲೆ ನನ್ನನ್ನು ಅಡುಗೆ ಶಾಮಿಯಾನದ ಹಿಂದಕ್ಕೆ ಕರೆದುಕೊಂಡು ಹೋದರು.

"ವರ್ಸಾ ವರ್ಸಾ ಬಂದು ನಿಮ್ ಮಾವುನ್ ತಾವ ಕೂತ್ಕಂಡು ಕೇಳ್ತಿದ್ದೆ ಕಣಪ್ಪ. ಹೆಂಗಿದ್ದ ಅಂತ. ಬೇಜಾರ್ ಮಾಡ್ಕಳ್ದೆ ಹೇಳ್ತಿದ್ರು. ಇನ್ಮೇಲ್ ಯಾರ್ನ ಕೇಳ್ಲಿ? ನೀನೂ ನೋಡ್ದೆ ಅಲ್ವಾ?"

"ನೋಡ್ದೆ ಕಣಣ್ಣ."

"ಮಲಿಕ್ಕಂಡಿದ್ದಂಗಿದ್ನಾ?"

"ಹ್ಞೂಂ."

"ಕೆನ್ನೆ ಕೆಳಗೆ ಕೈ ಮಡೀಕಂಡಿದ್ದ ಅಂದಿದ್ರು. ಮಗು ಆದಾಗ್ಲಿಂದ ಹಂಗೇ ಅವ್ನು ಮಲಗ್ತಿದ್ದಿದ್ದು. ನಾನ್ ಹೇಳ್ದೇನೆ ನಿಮ್ ಮಾವ ಹೇಳುದ್ರು, ಎಡಗೈ ಅಂತ."

ತಲೆಯ ಮೇಲಕ್ಕೆ ಚಾಚಿದ್ದ ಆ ಎರಡು ಕೈ ನನಗೆ ನೆನಪಾದವು. ಕತೆ ಕಟ್ಟಬೇಡ, ಮೀಟ್ರು ಹೇಳು ಅಂತ ನನಗೆ ಉಗಿದು ಉಗಿದು ಇಟ್ಟವನು ಇದೇ ಮಾವ. ಎಡಗೈ ಅಂತ ಅವನಿಗೆ ಹೇಗೆ ಹೊಳೆಯಿತೋ, ಯಾರನ್ನು ಕೇಳಿ ತಿಳಿದುಕೊಂಡಿದ್ದನೋ. ಪಾತ್ರೆ ತೊಳೆದ ನೀರು ನಮ್ಮ ಕಾಲ ಹತ್ತಿರ ಹರಿಯುತ್ತಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಎಡಗೈಯೇ ಕಣಣ್ಣ," ಅಂದೆ.