ಎರಡು ಬೆರಳ ಮೇಲಿನ ತೂತು

ಜಗಳೂರಿನ ನಮ್ಮ ಮನೆಯ ನಡುಮನೆಯ ಕಿಟಕಿಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿಯಿದೆ. ಒಂದು ಕಾಲಕ್ಕೆ ಅದರ ತುಂಬ ವನಸ್ಪತಿ ತುಪ್ಪ ಇತ್ತು. ಈಗ ಹೆಂಚಿನ ಚೂರುಗಳಿವೆ, ಚೂರುಗಳ ಮೇಲೊಂದು ಸೀತಾಳೆ ಗಿಡ ಕುಳಿತಿದೆ, ಮತ್ತು ತಳದಿಂದ ಎರಡು ಬೆರಳು ಮೇಲಕ್ಕೆ, ಕಾದ ಮೊಳೆಯಿಂದ ಸುಟ್ಟು ಮಾಡಿದ ಒಂದು ತೂತಿದೆ. ಮನೆಗೆ ಬಂದವರು ‘ಅಯ್ಯೋ, ಡಬ್ಬಿ ಸೋರ್ತೈತಲ್ಲ’ ಎಂದು ಮರುಗುತ್ತಾರೆ. ಸೋರಲೆಂದೇ ಮಾಡಿದ್ದು, ಮಹನೀಯರೇ. ಈ ಮನೆಯಲ್ಲಿ ತೂತಿನ ಅಗತ್ಯ ಡಬ್ಬಿಗಿಂತ ನನಗೇ ಹೆಚ್ಚಾಗಿತ್ತು ಎಂಬುದನ್ನು ಮಾತ್ರ ಅವರಿಗೆ ಹೇಳುವುದಿಲ್ಲ, ನಿಮಗೆ ಹೇಳುತ್ತೇನೆ.

ಸೀತಾಳೆಗೆ ಮಣ್ಣು ಬೇಡ. ಮರದ ಕೊಂಬೆಯ ಮೇಲೆ ಕುಳಿತು, ಬೇರುಗಳನ್ನು ಗಾಳಿಗೆ ಇಳಿಬಿಟ್ಟು, ವರ್ಷಕ್ಕೊಮ್ಮೆ ಅಳಿಲ ಬಾಲದಂಥ ಗೊಂಚಲನ್ನು ತೂಗುಬಿಡುತ್ತದೆ: ಬಿಳಿಯ ಎಸಳು, ಅದರ ಮೇಲೆ ತೆಳು ನೇರಳೆಯ ಚುಕ್ಕಿ. ಓದಿದವರು ಆರ್ಕಿಡ್ ಎನ್ನುತ್ತಾರೆ. ಮೂರು ವರ್ಷದ ಹಿಂದೆ ಅದು ಸವಳಂಗದಿಂದ ನಮ್ಮ ಅತ್ತಿಗೆಯೊಡನೆ ಬಂತು. ನ್ಯಾಮತಿ, ಹೊನ್ನಾಳಿ, ದಾವಣಗೆರೆ ಎಂದು ಬಸ್ಸು ಬದಲಿಸುವಾಗಲೆಲ್ಲ ಟ್ರಂಕನ್ನು ಅಣ್ಣನಿಗೆ ಹೊರಿಸಿ, ಮಾವಿನ ಕೊಂಬೆಯ ತುಂಡಿಗೆ ಕಟ್ಟಿದ ಈ ಗಿಡವನ್ನು ಮಾತ್ರ ಹೊಸ ಮದುಮಗಳು ತಾನೇ ಎತ್ತಿಕೊಂಡಿದ್ದಳಂತೆ.

ಹೊಸ್ತಿಲಲ್ಲೇ ಅಜ್ಜಿ ತಡೆದಳು. “ಇದು ಬದನಿಕೆ ಕಣವ್ವ, ಮರ ಹೀರಿ ಬದುಕಾದು. ಮನಿಯಾಗೆ ಯಾಕೆ?”

“ಬದನಿಕೆ ಅಲ್ಲಜ್ಜಿ. ಸುಮ್ನೆ ಕುಂತಿರ್ತೈತೆ, ಯಾರನ್ನೂ ಏನೂ ಕೇಳಲ್ಲ, ಅಲ್ಲೇನ್ರೀ...”

ಆ ‘ಅಲ್ಲೇನ್ರೀ’ ಅತ್ತಿಗೆಯ ಪ್ರತಿ ಮಾತಿನ ಬಾಲಕ್ಕೂ ಅಂಟಿಕೊಂಡು, ತೂಗಿ, ಎಳೆದು, ಕೊನೆಗೆ ಮೆಲ್ಲಗೆ ಆರಿಹೋಗುತ್ತಿತ್ತು. ನನ್ನಂಥವನ ಕಿವಿಗೆ ಅದು ಹಬ್ಬ. ನಾನು, ಪರಮೇಶಪ್ಪ, ಆಗ ಇಪ್ಪತ್ತರ ಹುಡುಗ; ನಮ್ಮ ಬೀದಿಯಲ್ಲಿ ಯಾರ ಕೆಮ್ಮಿಗೂ ನನ್ನಿಂದ ರಕ್ಷಣೆಯಿರಲಿಲ್ಲ. ಕುರಿ ವ್ಯಾಪಾರಿಯ ಗಂಟಲು, ಬಸ್ ಕಂಡಕ್ಟರನ ಮೂಗು, ಅಷ್ಟೇಕೆ, ಕಾಲು ಉಳುಕಿದ ಕೊಕ್ಕರೆಯಂಥ ನನ್ನದೇ ನಡಿಗೆ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಒಂದು ಸಂಜೆ ನೆರೆಯವರೆಲ್ಲ ಕೂಡಿದ್ದಾಗ ಟವೆಲನ್ನೇ ಸೆರಗಿನಂತೆ ಹೊದ್ದು, “ಉಪ್ಪು ಎಲ್ಲೈತತ್ತೆ, ಡಬ್ಬಿ ಸಿಗವಲ್ದು, ಅಲ್ಲೇನ್ರೀ...” ಎಂದು ಎಳೆದೆ. ಮನೆ ಬಿದ್ದುಹೋಗುವಂತೆ ನಕ್ಕಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯೂ ನಕ್ಕಳು.

ಮರುದಿನದಿಂದ ಆ ಬಾಲ ಕಾಣೆಯಾಯಿತು. ಬಾಲವಷ್ಟೇ ಅಲ್ಲ, ಮಾತೇ. ‘ಹೂಂ’, ‘ಊಹೂಂ’, ಹೆಚ್ಚೆಂದರೆ ‘ಆತು’. ಗಂಡನ ಮನೆಯಲ್ಲಿ ಬಾಯಿ ತೆರೆಯುವ ಮೊದಲು ಆಕೆ ಆಚೀಚೆ ನೋಡುವುದನ್ನು ಕಂಡೆ; ಆ ಕಣ್ಣು ಹುಡುಕುತ್ತಿದ್ದದ್ದು ನನ್ನನ್ನು. ಮದ್ದಳೆ ಒಡೆದವನಿಗೇ ಅದರ ಮೌನ ಹೆಚ್ಚು ಕೇಳಿಸುತ್ತದೆ ನೋಡಿ.

ಇತ್ತ ಸೀತಾಳೆಯೂ ಬಾಡತೊಡಗಿತು. ಹೊರಗಿಟ್ಟರೆ ಬಿಸಿಗಾಳಿ ಮತ್ತು ಆಡು ಎಂದು ಅದನ್ನು ಕುಂಡವೊಂದರಲ್ಲಿ ಮಣ್ಣು ತುಂಬಿ ಒಳಗಿಟ್ಟಿದ್ದೆವು. ಬೋರಿಂಗ್ ಮುಂದೆ ಸಾಲು ನಿಂತು ಒಂದೊಂದು ಕೊಡ ನೀರು ತರುವ ಊರು ನಮ್ಮದು; ಸ್ನಾನಕ್ಕೆ ಒಂದು ಚೊಂಬು ಹೆಚ್ಚು ಸುರಿದುಕೊಂಡರೆ ಅಜ್ಜಿ ಬಚ್ಚಲ ಬಾಗಿಲು ಬಡಿಯುತ್ತಾಳೆ. ಅಂಥ ಮನೆಯಲ್ಲಿ, ನೀರಿನ ಸೀಮೆಯಿಂದ ಬಂದ ಗಿಡ ಪಾಪ ಎಷ್ಟು ಬಾಯಾರಿದೆಯೋ ಎಂದು ಅವ್ವ ಒಂದು ಲೋಟ, ಅಣ್ಣ ಒಂದು ಲೋಟ, ಬದನಿಕೆ ಎಂದು ಬೈದ ಅಜ್ಜಿಯೇ ಎರಡು ಲೋಟ, ಒಬ್ಬರಿಗೊಬ್ಬರು ತಿಳಿಯದಂತೆ ದಿನವೂ ಹೊಯ್ಯುತ್ತಿದ್ದರು. ಜಗಳೂರಿನ ಇತಿಹಾಸದಲ್ಲಿ ನೀರಿನಲ್ಲಿ ಮುಳುಗಿ ಸಾಯಹೊರಟ ಮೊದಲ ಜೀವ ಅದೇ ಇರಬೇಕು.

ಎದುರುಮನೆಯಲ್ಲಿ ಚನ್ನಗಿರಿಯ ವಿಜ್ಞಾನದ ಮೇಷ್ಟ್ರು ಬಾಡಿಗೆಗಿದ್ದರು. ಮಾತಿಗೊಮ್ಮೆ ಮೂಗೆಳೆಯುವ ಅವರನ್ನೂ ನಾನು ಬಿಟ್ಟಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಕುಂಡ ಹಿಡಿದು ಹೋದರೆ, ಕೊಳೆತ ಬೇರನ್ನು ಮೂಸಿ, ದೀರ್ಘವಾಗಿ ಮೂಗೆಳೆದರು.

“ಪ್ರೀತಿಯಿಂದ ಕೊಂದ್ರೂ ಅದು ಕೊಲೆನೇ ಕಣೋ. ಬೇರಿಗೆ ಕುಡಿಯಾಕೂ ಬೇಕು, ಉಸಿರಾಡಾಕೂ ಬೇಕು. ಒಂದು ಪ್ಲಾಸ್ಟಿಕ್ ಡಬ್ಬಿಗೆ ತಳದಿಂದ ಎರಡು ಬೆರಳು ಮ್ಯಾಲೆ ತೂತು ಹಾಕು. ತೊಳೆದ ಹೆಂಚಿನ ಚೂರು ತುಂಬು. ತೂತಿನತನಕ ನೀರು ನಿಲ್ತೈತೆ, ಹೆಂಚು ಅದನ್ನ ಬೇಕಾದಷ್ಟೇ ಮ್ಯಾಲಕ್ಕೆ ಎಳ್ಕಂತೈತೆ, ಹೆಚ್ಚಿಂದು ಹೊರಗೆ ಹೋಗ್ತೈತೆ. ವಾರಕ್ಕೊಮ್ಮೆ ಚಿಟಿಕೆ ಗೊಬ್ಬರ ಕರಗಿಸಿ ಹಾಕು.”

“ಮಣ್ಣು ಬ್ಯಾಡ್ವಾ ಸಾರ್?”

“ಮಣ್ಣು ನಿನ್ನ ತಲೆಯಾಗೈತಲ್ಲ, ಅಲ್ಲೇ ಇರ್ಲಿ. ಇನ್ನೊಂದು ಮಾತು. ಹಳೇ ಬೇರು ಉಳಿಯಲ್ಲ, ಅದು ಬೇರೆ ಜಾಗಕ್ಕೆ ಹುಟ್ಟಿದ್ದು. ಹೊಸಾದು ಬಂದ್ರೆ ಈ ಜಾಗಕ್ಕೆ ತಕ್ಕಂಗೇ ಬರ್ತೈತೆ. ಅಲ್ಲೀತನಕ ಕೈ ಕಟ್ಕಂಡು ಕೂರು. ಬಾಯೂ ಮುಚ್ಕಂಡು.”

ಖಾಲಿಯಾದ ವನಸ್ಪತಿ ಡಬ್ಬಿಗೆ ತೂತು ಸುಟ್ಟು, ಹೆಂಚಿನ ಚೂರು ತುಂಬಿದೆ. ಕೊಳೆತ ಬೇರನ್ನು ಅತ್ತಿಗೆ ಕತ್ತರಿಸಿದಳು, ನಾನು ಗಿಡ ಹಿಡಿದುಕೊಂಡೆ. ಮೂರೇ ಬೇರು ಉಳಿದವು. ತಪ್ಪಾಯಿತು ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಆದರೆ ಬಾಯಿ ತೆರೆದರೆ ಕಂಡಕ್ಟರನ ಮೂಗು ಬಂತು, ಮುಚ್ಚಿ ಮತ್ತೆ ತೆರೆದರೆ ಕುರಿ ವ್ಯಾಪಾರಿಯ ಗಂಟಲು ಬಂತು. ಊರಿನವರ ದನಿಯನ್ನೆಲ್ಲ ತುಂಬಿಟ್ಟುಕೊಂಡವನಿಗೆ ಕ್ಷಮೆ ಕೇಳಲು ತನ್ನದೊಂದು ದನಿ ಸಿಗಲಿಲ್ಲ. ಅತ್ತಿಗೆ “ಸರಿಯಾಗಿ ಹಿಡ್ಕೋ” ಎಂದಳು. ಹಿಡಿದುಕೊಂಡೆ.

ಆಮೇಲೆ ಕಾಯುವ ಕೆಲಸ. ಡಬ್ಬಿಯ ಕೆಳಗೆ ತಟ್ಟೆಯಿಟ್ಟಿದ್ದರಿಂದ ಗುಟ್ಟಾಗಿ ನೀರು ಹೊಯ್ಯುವ ಕಳ್ಳರು ದಿನವೂ ಸಿಕ್ಕಿಬೀಳುತ್ತಿದ್ದರು. “ಒಂದೇ ಲೋಟ ಕಣಾ, ಪಾಪ” ಎಂದು ಅಜ್ಜಿ ತಪ್ಪೊಪ್ಪಿಕೊಳ್ಳುವಷ್ಟರಲ್ಲಿ ಹೆಚ್ಚಿನ ನೀರು ತೂತಿನಿಂದಿಳಿದು ತಟ್ಟೆ ಸೇರಿರುತ್ತಿತ್ತು. ಅಕ್ಕರೆ ಹೆಚ್ಚಾಗುವುದು ತಪ್ಪಲ್ಲ, ಅದು ಹೊರಟುಹೋಗಲು ದಾರಿಯಿಲ್ಲದಿರುವುದು ತಪ್ಪು ಎಂದು ಆ ತಟ್ಟೆಯನ್ನು ತುಳಸಿಗೆ ಸುರಿಯುವಾಗ ಅನಿಸುತ್ತಿತ್ತು. ಅತ್ತಿಗೆಯ ಎದುರು ನಾನು ಯಾರ ದನಿಯನ್ನೂ ಮಾಡದೆ ಉಳಿದೆ. ಅದು ಉಪವಾಸಕ್ಕಿಂತ ಕಷ್ಟ. ಹಳೆಯ ಮೂರು ಬೇರೂ ಮೇಷ್ಟ್ರು ಹೇಳಿದಂತೆ ಒಣಗಿದವು. ನಾಲ್ಕನೆಯ ತಿಂಗಳಲ್ಲಿ ಹಸಿರು ಮೂತಿಯ ಹೊಸದೊಂದು, ಸೂಜಿಮೊನೆಯಷ್ಟು, ಹೆಂಚಿನ ಸಂದಿಗೆ ಇಳಿಯಿತು.

ಎರಡನೆಯ ವರ್ಷದ ಮುಂಗಾರಿಗೆ ಹೂವಾಯಿತು. ನೋಡಲು ಮೇಷ್ಟ್ರು ಬಂದರು, ನೆರೆಯವರು ಬಂದರು. ಯಾರ ದನಿಯನ್ನೂ ಮಾಡಲಿಲ್ಲ, ಆದರೆ ಅಷ್ಟು ಜನರನ್ನು ಕಂಡು ನನ್ನ ಬಾಯಿ ಸಡಿಲವಾಯಿತು. ಹೆಗಲೆತ್ತಿ, ಕಿವಿ ಕೆರೆದುಕೊಂಡು, “ನೋಡಿದ್ರಾ! ನಾ ಅವತ್ತೇ ಹೇಳಿರ್ಲಿಲ್ವಾ? ಎಲ್ಲಾ ನನ್ನ ಕೈಗುಣ!” ಎಂದೆ.

ಅಡುಗೆಮನೆಯ ಬಾಗಿಲಿಂದ ಅದೇ ಮಾತು ಮತ್ತೆ ಬಂತು. ಅತ್ತಿಗೆ ಹೆಗಲೆತ್ತಿ, ಕಿವಿ ಕೆರೆದುಕೊಳ್ಳುತ್ತಾ, ನೆಗಡಿಯಾದ ಕಾಗೆಯ ದನಿಯಲ್ಲಿ, “ನೋಡಿದ್ರಾ! ನಾ ಅವತ್ತೇ ಹೇಳಿರ್ಲಿಲ್ವಾ? ಎಲ್ಲಾ ನನ್ನ ಕೈಗುಣ...” ಎಂದು, ಒಂದು ಗಳಿಗೆ ತಡೆದು, ತನ್ನದೇ ದನಿಯಲ್ಲಿ ಎಳೆದಳು: “ಅಲ್ಲೇನ್ರೀ...”

ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮೇಷ್ಟ್ರ ಮೂಗು ಎಳೆಯುವುದನ್ನೇ ಮರೆಯಿತು. ಎಲ್ಲರಿಗಿಂತ ತಡವಾಗಿ ನಕ್ಕವನು ನಾನು. ನನ್ನ ದನಿ ಹೀಗಿದೆಯೆಂದು ಆವರೆಗೆ ಯಾರೂ ಕೇಳಿಸಿರಲಿಲ್ಲ. ಮುಖ ಮರೆಸಲು ಕಿಟಕಿಗೆ ತಿರುಗಿ, ಕೈಗೆ ಸಿಕ್ಕ ಲೋಟದ ನೀರನ್ನೆಲ್ಲ ಡಬ್ಬಿಗೆ ಹೊಯ್ದೆ.

“ಸಾಕು ಪರಮೇಶಪ್ಪ, ತಟ್ಟೆ ತುಂಬಿ ಕಾಲ ಮ್ಯಾಲೆ ಬೀಳ್ತೈತೆ, ಅಲ್ಲೇನ್ರೀ...”

ಬೀಳುತ್ತಿತ್ತು, ನಿಜ. ಇನ್ನೊಂದು ಲೋಟ ಹೊಯ್ದೆ.